ಸೊಸೆಯ ಪಾಲಿನ ಓ

ಹಣಮವ್ವ ಸೊಸೆಯ ಜೊತೆ ಮಾತು ಬಿಟ್ಟು ಅಂದಿಗೆ ಐದು ದಿನವಾಗಿತ್ತು. ಊರಲ್ಲಿ ಮನೆಯಿದ್ದವರಿಗೆ ಐದು ದಿನ ಮಾತು ಬಿಡುವುದು ದೊಡ್ಡ ಕೆಲಸವೇನಲ್ಲ, ಒಂದು ಬಾಗಿಲು ಹಾಕಿಕೊಂಡರೆ ಆಯಿತು. ಬಯಲಲ್ಲಿ ಕುರಿಯ ಹಿಂದೆ ತಿರುಗುವವರಿಗೆ ಬಾಗಿಲು ಎಲ್ಲಿಂದ ಬರಬೇಕು? ಒಂದೇ ಒಲೆ, ಒಂದೇ ರೊಟ್ಟಿಬುಟ್ಟಿ, ಒಂದೇ ಕೊಡದ ನೀರು. ಆದರೂ ಹಣಮವ್ವ ಸಾಧಿಸಿದ್ದಳು. ರೊಟ್ಟಿ ಬೇಕಾದರೆ ಬುಟ್ಟಿಗೆ ಹೇಳುತ್ತಿದ್ದಳು, ನೀರು ಬೇಕಾದರೆ ಕೊಡಕ್ಕೆ ಹೇಳುತ್ತಿದ್ದಳು, ಸೊಸೆಗೆ ಹೇಳಬೇಕಾದ್ದನ್ನು ನಾಯಿಗೆ ಹೇಳುತ್ತಿದ್ದಳು. ನಾಯಿಗೂ ಸಾಕುಸಾಕಾಗಿತ್ತು.

ಜಗಳದ ಮೂಲ ಇಷ್ಟೇ. ಮದುವೆಯಾದ ವರ್ಷದ ಆಷಾಢದಲ್ಲಿ ಸೊಸೆ ಅತ್ತೆಯ ಮನೆಯಲ್ಲಿರಬಾರದು ಎಂದು ಉಮಾಶ್ರೀಯನ್ನು ತವರಿಗೆ, ರನ್ನ ಬೆಳಗಲಿಗೆ ಕಳಿಸಿದ್ದರು. ನಾಗರಪಂಚಮಿ ಮುಗಿಸಿ ಮರುದಿನ ಬರುತ್ತೇನೆ ಎಂದವಳು ಆರು ದಿನ ತಡಮಾಡಿ ಬಂದಳು. ತಂದೆಯ ಹಿಂಡಿಗೆ ಕಾಲುಬಾಯಿ ಬೇನೆ ಬಂದಿತ್ತು, ಬಿಟ್ಟು ಬರಲಾಗಲಿಲ್ಲ ಎಂದಳು. ಹಣಮವ್ವ ನಂಬಲಿಲ್ಲ. ಪಂಚಮಿಯ ಜೋಕಾಲಿಯಿಂದ ಇಳಿಯಲು ಮನಸ್ಸಾಗಿರಲಿಕ್ಕಿಲ್ಲ ಎಂದು ನಾಲ್ಕು ಜನರ ಮುಂದೆ ಆಡಿದಳು. ಉಮಾಶ್ರೀ ಎದುರಾಡದೆ ತಲೆ ತಗ್ಗಿಸಿ ಹೋಗಿ ಮರಿಗಳಿಗೆ ನೀರಿಟ್ಟಳು. ಎದುರಾಡಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಎದುರಾಡದ್ದೇ ಹಣಮವ್ವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ನಡುವೆ ನಿಂತು ಸಂಭಾಳಿಸಬೇಕಾದ ಮಗ ದುಂಡೇಶ ಕುರಿಗಳ ಔಷಧ ತರಲು ಮುಧೋಳಕ್ಕೆ ಹೋದವನು ಇನ್ನೂ ತಿರುಗಿ ಬಂದಿರಲಿಲ್ಲ.

ಇದು ಎರಡು ಸಾವಿರದ ಆರನೆಯ ಇಸವಿಯ ಶ್ರಾವಣದ ಮಾತು. ಜಮಖಂಡಿ ಕಡೆಯ ಐದು ಹಿಂಡುಗಳು ಆಗ ಬೀಳಗಿ ತಾಲ್ಲೂಕಿನ ಹಿನ್ನೀರಿನ ದಂಡೆಯಲ್ಲಿ ಮೇಯುತ್ತಿದ್ದವು. ಮುಂದಿನ ಹಿಂಡು ಹಣಮವ್ವನ ಅಣ್ಣ ಅಮಸಿದ್ದಪ್ಪನದು. ಐದೂ ಹಿಂಡಿಗೆ ಅವನೇ ಹಿರಿಯ. ಅವನ ಹಿಂದೆ ಗಿರಮಲ್ಲಪ್ಪ, ಅವನ ಹಿಂದೆ ಕರೆವ್ವ, ಆಮೇಲೆ ಹಣಮವ್ವ. ಎಲ್ಲರಿಗಿಂತ ಕೊನೆಗೆ, ಮರಿಗಳನ್ನೂ ಗಬ್ಬದ ಕುರಿಗಳನ್ನೂ ಹೊಡೆದುಕೊಂಡು ಉಮಾಶ್ರೀ. ಮೊದಲ ಹಿಂಡಿನಿಂದ ಕೊನೆಯ ಹಿಂಡಿಗೆ ಎರಡು ಮೈಲಿ ದೂರವಿರುತ್ತಿತ್ತು. ನಡುವೆ ಜಾಲಿಕಂಟಿಯ ಪೊದೆಗಳು, ತಗ್ಗು, ದಿನ್ನೆ.

ಇಷ್ಟು ದೂರದಲ್ಲಿ ಹರಡಿಕೊಂಡ ಜನ ಒಬ್ಬರಿಗೊಬ್ಬರು ಮಾತು ಮುಟ್ಟಿಸುವುದಕ್ಕೆ ಅಜ್ಜನ ಕಾಲದಿಂದ ಒಂದು ಕಟ್ಟಳೆ ಇತ್ತು. ಮುಂದಿನವನು ಕೂಗುತ್ತಾನೆ. ಎರಡನೆಯವನು ಅದನ್ನು ಹಿಡಿದು ಮೂರನೆಯವನಿಗೆ ಕೂಗುತ್ತಾನೆ. ಹೀಗೆ ಕೊನೆಯವರೆಗೆ ಹೋಗಿ, ಕೊನೆಯವರ ಓ ಹಿಂಡಿನಿಂದ ಹಿಂಡಿಗೆ ದಾಟಿ ತಿರುಗಿ ಮುಂದಿನವನಿಗೆ ಮುಟ್ಟಬೇಕು. ಮುಟ್ಟುವ ತನಕ ಅವನು ಹೆಜ್ಜೆ ಎತ್ತುವಂತಿಲ್ಲ. ಯಾರಾದರೂ ಓ ಅನ್ನದಿದ್ದರೆ, ಉಣ್ಣುತ್ತಲೋ ನಿದ್ದೆಯಲ್ಲೋ ಇದ್ದರೆ, ಪಕ್ಕದ ಹಿಂಡಿನವರು ಅವರ ಪಾಲಿನ ಓ ಅನ್ನಬಹುದು. ಆದರೆ ಅಂದವರು ಕಾಲು ಎತ್ತಿ ಅವರಿದ್ದಲ್ಲಿಗೇ ಹೋಗಬೇಕು, ಸುದ್ದಿ ಹೇಳಿ ಕರೆದುಕೊಂಡು ಬರಬೇಕು. ತನ್ನ ಓ ಇನ್ನೊಬ್ಬರು ಅಂದದ್ದು ಕಿವಿಗೆ ಬಿದ್ದವರು ಇದ್ದ ಜಾಗ ಬಿಡಬಾರದು. ಬಿಟ್ಟರೆ ಬರುವವರು ಎಲ್ಲಿ ಅಂತ ಹುಡುಕಬೇಕು?

ಆಷಾಢದ ನಡುವಿನಲ್ಲಿ ಪವಮಾನ ಮಾಸ್ತರ ಬಂದ. ಜಮಖಂಡಿಯವನು, ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಮೂವತ್ತರ ವಯಸ್ಸು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಒಂದು ಕಡೆ ನಿಲ್ಲದ ಜನರಿಗೆ ತಂತಿಯಿಲ್ಲದೆ ಒಂದೇ ಮಾತನ್ನು ಎಲ್ಲರಿಗೂ ತಪ್ಪದೆ ಮುಟ್ಟಿಸುವುದು ಹೇಗೆ, ಮುಟ್ಟಿತೆಂದು ಖಾತ್ರಿಯಾಗಿ ತಿಳಿಯುವುದು ಹೇಗೆ ಎಂಬುದು ಅವನ ಅಭ್ಯಾಸದ ವಿಷಯ. ಓಡಾಡುವ ಜನ ಎಲ್ಲಿ ಸಿಗುತ್ತಾರೆಂದು ಹುಡುಕುತ್ತ ಕುರುಬರ ಬಳಿ ಬಂದಿದ್ದ. ತಾನೊಂದು ಇಟ್ಟುಕೊಂಡು ಐದು ಹಿಂಡಿಗೆ ಐದು ವಾಕಿಟಾಕಿ ಕೊಟ್ಟ. ಕುರುಬರು ಅದನ್ನು ಡಬ್ಬಿ ಎಂದರು. ಹಿಂಡುಗಳು ಅತ್ತಿತ್ತ ಸರಿಯುತ್ತಲೇ ಇರುತ್ತವೆ; ಈಗ ಗಿರಮಲ್ಲಪ್ಪನಿಗೆ ಹತ್ತಿರವಿದ್ದವರು ಗಳಿಗೆ ಕಳೆದರೆ ಕರೆವ್ವನಿಗೆ ಹತ್ತಿರ. ಡಬ್ಬಿಗಳು ಅದನ್ನು ತಾವೇ ಕಂಡುಕೊಂಡು, ಹತ್ತಿರದ ಡಬ್ಬಿ ಹಿಡಿದ ಮಾತನ್ನು ದೂರದ ಡಬ್ಬಿಗೆ ದಾಟಿಸುತ್ತಿದ್ದವು. ನಮ್ಮ ಕೂಗೇ ಅಲ್ಲವೇನೋ ಇದು ಎಂದು ಅಮಸಿದ್ದಪ್ಪ ನಕ್ಕಿದ್ದ.

ಮಾಸ್ತರನ ನಿಯಮಗಳು ಎರಡೇ. ಡಬ್ಬಿಗೆ ನೀರು ತಾಗಿಸಬಾರದು, ತಾಗಿದರೆ ಸತ್ತಿತು. ಎರಡನೆಯದು, ಪ್ರತಿಯೊಬ್ಬರೂ ತಮ್ಮ ಓ ತಾವೇ ಅನ್ನಬೇಕು. ಅವನು ಪುಸ್ತಕದಲ್ಲಿ ಐದು ಹೆಸರು ಬರೆದುಕೊಂಡು ಓ ಬಂದ ಹಾಗೆ ಗುರುತು ಹಾಕುತ್ತಿದ್ದ. ಮೊದಲನೆಯ ನಿಯಮವನ್ನು ಎಲ್ಲರೂ ಕಣ್ಣಿಗೊತ್ತಿಕೊಂಡು ಪಾಲಿಸಿದರು. ಎರಡನೆಯದು ಎಂಟು ದಿನವೂ ಬಾಳಲಿಲ್ಲ. ರೊಟ್ಟಿ ತಿನ್ನುವ ಗಂಡನ ಓ ಹೆಂಡತಿ, ಬೀಡಿ ಹಚ್ಚುವ ಗಿರಮಲ್ಲಪ್ಪನ ಓ ಕರೆವ್ವ ಅನ್ನತೊಡಗಿದರು. ಮೊದಲಿನ ಹಾಗೆ ನಡೆದು ಹೋಗಿ ಹೇಳುವುದೂ ನಿಂತುಹೋಯಿತು. ಯಾಕೆ ಹೋಗಬೇಕು? ಪ್ರತಿಯೊಬ್ಬರ ಕೊರಳಲ್ಲೂ ಡಬ್ಬಿ ಇದೆ, ಕೇಳಿಸಿಯೇ ಇರುತ್ತದೆ. ಓ ಅನ್ನುವುದು ಉಳಿಯಿತು, ಕಾಲೆತ್ತುವುದು ಹೋಯಿತು. ಇದೆಲ್ಲ ನಡೆದದ್ದು ಉಮಾಶ್ರೀ ತವರಲ್ಲಿದ್ದಾಗ. ಬಂದ ದಿನ ಅವಳ ಕೊರಳಿಗೂ ಒಂದು ಡಬ್ಬಿ ಹಾಕಿ, ಗುಂಡಿ ಎಲ್ಲಿ ಒತ್ತಬೇಕೆಂದು ತೋರಿಸಿದರು. ನಡೆದು ಹೋಗುವ ಪದ್ಧತಿ ಈಗ ಬಿಟ್ಟುಹೋಗಿದೆಯೆಂದು ಅವಳಿಗೆ ಯಾರು ಹೇಳಬೇಕು? ಹೇಳಬೇಕಾದ ಅತ್ತೆ ನಾಯಿಯ ಜೊತೆ ಮಾತಾಡುತ್ತಿದ್ದಳು.

ಆ ದಿನ ಬೆಳಿಗ್ಗೆ ಉಮಾಶ್ರೀ ಹಳೆಯ ಊರಿನ ದಿಬ್ಬದಲ್ಲಿದ್ದಳು. ಮುಳುಗಡೆಯೆಂದು ಜನ ಬಿಟ್ಟುಹೋದ ಊರು ಅದು. ಗೋಡೆಗಳೆಲ್ಲ ಕರಗಿ, ಬೀರೇಶ್ವರನ ಗುಡಿಯ ಕಲ್ಲಿನ ಕಟ್ಟೆಯೊಂದೇ ಉಳಿದಿತ್ತು. ಯಾರೂ ಉಳದ ನೆಲ, ಮೊಣಕಾಲುದ್ದ ಹುಲ್ಲು. ಮರಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಅಮಸಿದ್ದಪ್ಪನೇ ಕಳಿಸಿದ್ದ. ದಿಬ್ಬಕ್ಕೂ ಈಚೆಯ ದಂಡೆಗೂ ನಡುವೆ ಒಂದು ಹಳ್ಳ. ಬೆಳಿಗ್ಗೆ ಅದರಲ್ಲಿ ಪಾದ ಮುಳುಗುವಷ್ಟೇ ನೀರಿತ್ತು.

ಹತ್ತರ ಹೊತ್ತಿಗೆ ಡಬ್ಬಿ ಗರಗರ ಎಂದಿತು. ಪವಮಾನ ದಿನ್ನೆಯ ಮೇಲಿನ ಪುನರ್ವಸತಿ ಕೇಂದ್ರದಲ್ಲಿ, ಖಾಲಿ ಬಿದ್ದ ಶಾಲೆಯ ಕೋಣೆಯೊಂದರಲ್ಲಿ ಇಳಿದುಕೊಂಡಿದ್ದ. ಅಲ್ಲಿಂದಲೇ ಮಾತಾಡಿದ. ದನಿಯಲ್ಲಿ ಎಂದಿನ ಹುಡುಗಾಟ ಇರಲಿಲ್ಲ.

"ಎಲ್ಲಾರೂ ಲಕ್ಷ್ಯಗೊಟ್ಟು ಕೇಳ್ರಿ. ಮ್ಯಾಲಿನಿಂದ ಭಾಳ ನೀರು ಬಿಟ್ಟಾರಂತ ಫೋನ್ ಬಂದದ. ಮಧ್ಯಾಹ್ನದೊಳಗ ಹಿನ್ನೀರು ಹಳ್ಳಕ್ಕ ಏರತದ. ಈಗಿಂದೀಗ ಹಿಂಡು ಹೊಡಕೊಂಡು ದಿನ್ನಿ ಮ್ಯಾಲ ಬರ್ರಿ. ಒಬ್ಬೊಬ್ಬರಾಗಿ ಓ ಅನ್ರಿ."

ಹೋದ ವರ್ಷ ಹೊಳೆಗೆ ಬಂದ ನೆರೆಯನ್ನು ಕಂಡವರಿಗೆ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ಅಮಸಿದ್ದಪ್ಪ ಓ ಎಂದ. ಗಿರಮಲ್ಲಪ್ಪ ಓ ಎಂದ. ಕರೆವ್ವ ಓ ಎಂದಳು. ಹಣಮವ್ವ ಓ ಎಂದಳು. ಆಮೇಲೆ ಡಬ್ಬಿಯಲ್ಲಿ ಬರೀ ಗಾಳಿಯ ಸಪ್ಪಳ.

ಮಾಸ್ತರ ಉಮಾಶ್ರೀಯ ಹೆಸರು ಹಿಡಿದು ಕರೆದ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದ.

ಹಣಮವ್ವನ ಹೆಬ್ಬೆರಳು ಗುಂಡಿಯ ಮೇಲಿತ್ತು. ಅವಳು ಮಾಡಬೇಕಾದ್ದು ಒಂದೇ, ಸೊಸೆಯನ್ನು ಹೆಸರು ಹಿಡಿದು ಕರೆಯುವುದು. ಐದು ದಿನದ ಬಿಗಿಯನ್ನು ತಾನೇ ಮೊದಲು ಸಡಿಲಿಸುವುದು. ಅದೂ ಎಲ್ಲಿ? ಡಬ್ಬಿಯಲ್ಲಿ, ಐದೂ ಹಿಂಡಿನವರು ಕಿವಿಗೊಟ್ಟು ಕೂತಿರುವಾಗ. ತಾನು ಕರೆದು, ಅವಳು ಬೇಕೆಂದೇ ಓ ಅನ್ನದಿದ್ದರೆ? ಆ ಕರೆವ್ವ ವರ್ಷವಿಡೀ ಆಡಿಕೊಳ್ಳುತ್ತಾಳೆ. ಕೇಳಿಸಿರುತ್ತದೆ, ಸೊಕ್ಕಿಗೆ ಬಾಯಿ ಬಿಡುತ್ತಿಲ್ಲ ಎಂದುಕೊಂಡಳು. ಗುಂಡಿ ಒತ್ತಿದಳು.

"ಉಮಾಶ್ರೀದೂ ಓ."

ದನಿ ಹಣಮವ್ವನದೆಂದು ಪವಮಾನನಿಗೆ ತಿಳಿಯದೆ ಇರಲಿಲ್ಲ. ಅತ್ತೆ ಸೊಸೆ ಒಂದೇ ಕಡೆ ಇರಬೇಕು ಎಂದುಕೊಂಡ. ಅವನಿಗೂ ಅವಸರವಿತ್ತು, ದಂಡೆಯ ಇನ್ನೂ ಮೂರು ವಸತಿಗಳಿಗೆ ಬೈಕಿನ ಮೇಲೆ ಹೋಗಿ ಹೇಳಬೇಕಿತ್ತು. ತಾನೇ ಮಾಡಿದ ನಿಯಮವನ್ನು ತಾನೇ ಮರೆತು ಐದನೆಯ ಹೆಸರಿನ ಮುಂದೆ ಗುರುತು ಹಾಕಿದ. ಐದಕ್ಕೆ ಐದೂ ಬಂತು ಎಂದು ಡಬ್ಬಿಯಲ್ಲಿ ಹೇಳಿ ಹೊರಟುಹೋದ. ಹಾಗೆ ಹೇಳಿದ್ದರಿಂದ ಉಳಿದವರೂ ನಿಶ್ಚಿಂತರಾದರು.

ಹಣಮವ್ವ ಹಿಂಡು ಎಬ್ಬಿಸಿದಳು. ನೂರ ಇಪ್ಪತ್ತು ಕುರಿ, ಒಬ್ಬಳೇ ಹೆಂಗಸು, ಜೊತೆಗೊಂದು ನಾಯಿ. ಕೆಸರಿನಲ್ಲಿ ಹೊಡೆದುಕೊಂಡು ದಿನ್ನೆಯ ದಾರಿಗೆ ಬರುವುದರೊಳಗೆ ಹೊತ್ತು ನೆತ್ತಿಗೇರಿತು. ಎರಡು ಸಲ ಹಿಂತಿರುಗಿ ನೋಡಿದಳು. ಜಾಲಿಕಂಟಿ ಅಡ್ಡ ಬಂದು ದಿಬ್ಬ ಕಾಣಲಿಲ್ಲ. ಬರುತ್ತಿರುತ್ತಾಳೆ, ಮರಿ ಇರುವ ಹಿಂಡು, ಮೆಲ್ಲಗೆ ಬರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೂರನೆಯ ಸಲ ಸಮಾಧಾನ ಹೇಳಿಕೊಳ್ಳುವಾಗ ಅದು ನಾಲಿಗೆಗೆ ಕಹಿಯಾಯಿತು.

ದಿನ್ನೆಯ ಮೇಲೆ ಉಳಿದ ಮೂರು ಹಿಂಡುಗಳು ಬಂದು ನಿಂತಿದ್ದವು. ಅಲ್ಲಿಂದ ಹಿನ್ನೀರು ಚೆನ್ನಾಗಿ ಕಾಣುತ್ತಿತ್ತು. ಹೊಳೆಯ ಪ್ರವಾಹಕ್ಕೆ ಒಂದು ಆರ್ಭಟ ಇರುತ್ತದೆ, ಮನುಷ್ಯ ಎದ್ದು ಓಡಲು ಅದೇ ಸಾಕು. ಹಿನ್ನೀರಿಗೆ ಅದೂ ಇಲ್ಲ. ಸಪ್ಪಳವಿಲ್ಲದೆ, ಅವಸರವಿಲ್ಲದೆ, ಹುಲ್ಲಿನ ಬುಡದಿಂದ ಮೇಲೇರುತ್ತದೆ. ಬೆಳಿಗ್ಗೆ ಗದ್ದೆಯ ಅಂಚಿನಲ್ಲಿ ನೆಟ್ಟಗೆ ನಿಂತಿದ್ದ ವಿದ್ಯುತ್ ಕಂಬಗಳು ಈಗ ಮೊಣಕಾಲು ಮಟ್ಟ ನೀರಿನಲ್ಲಿದ್ದವು. ಹಣಮವ್ವ ಅವನ್ನು ಎಣಿಸುತ್ತ ನಿಂತಳು. ಐದು ಕಂಬ ನೀರಿನಲ್ಲಿ. ಸ್ವಲ್ಪ ಹೊತ್ತಿಗೆ ಆರು.

ಸೊಸೆ ಎಲ್ಲಿ ಎಂದು ಅಮಸಿದ್ದಪ್ಪ ಕೇಳಿದ. ಹಿಂದೆ ಬರಾಕತ್ತಾಳ ಎಂದಳು. ಹೇಳಿದ ಮೇಲೆ ತನ್ನ ಬಾಯಿಂದ ಬಂದದ್ದು ತನಗೇ ಕೇಳಿಸಿತು. ಒಂದೇ ದಿನದಲ್ಲಿ ಎರಡನೆಯ ಸಲ ಅವಳು ಸೊಸೆಯ ಪರವಾಗಿ ಉತ್ತರ ಕೊಟ್ಟಿದ್ದಳು.

ಎರಡರ ಸುಮಾರಿಗೆ ಜಾಲಿಕಂಟಿಯ ಸಂದಿಯಿಂದ ಗಂಟೆಯ ಸಪ್ಪಳ ಬಂತು. ಮರಿಹಿಂಡಿನ ಮುಂದೆ ಯಾವಾಗಲೂ ನಡೆಯುವ ಕರಿ ಟಗರಿನ ಗಂಟೆ. ಹಣಮವ್ವನ ಉಸಿರು ಒಮ್ಮೆಲೇ ಸಡಿಲಾಯಿತು. ಬಂದಳಲ್ಲ, ಬರಲಿ, ಈಗ ಚೆನ್ನಾಗಿ ಬೈದು ಅದೇ ನೆಪದಲ್ಲಿ ಮಾತು ಶುರುಮಾಡಿಬಿಡೋಣ ಎಂದುಕೊಂಡು, ಬೈಗುಳವನ್ನೂ ಆರಿಸಿ ಇಟ್ಟುಕೊಂಡಳು. ಟಗರು ಬಂತು. ಅದರ ಹಿಂದೆ ಕುರಿಗಳು ಬಂದವು, ಮರಿಗಳು ಬಂದವು. ಎಲ್ಲದರ ಮೈ ಒದ್ದೆ. ದೊಡ್ಡವು ಹೊಟ್ಟೆಯ ತನಕ ನೆನೆದಿದ್ದವು. ಮರಿಗಳು ಬೆನ್ನಿನ ತನಕ. ಕೊನೆಯ ಮರಿ ಕುಂಟುತ್ತ ಬಂತು. ಅದರ ಹಿಂದೆ ಯಾರೂ ಬರಲಿಲ್ಲ.

ಅವಳು ಕಂಟಿಯ ಸಂದಿಯನ್ನೇ ನೋಡುತ್ತ ನಿಂತಳು. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನಿಂತಿರಬೇಕು. ಹಳ್ಳದಲ್ಲಿ ಕುರಿಯ ಹೊಟ್ಟೆಯ ಮಟ್ಟ ನೀರು ಬಂದು ಎಷ್ಟು ಹೊತ್ತಾಯಿತು? ಹಿಂಡು ನಡೆದು ಬಂದದ್ದು ಒಂದು ತಾಸು. ಒಂದು ತಾಸಿನಲ್ಲಿ ಎಷ್ಟು ಏರಿರಬಹುದು? ಲೆಕ್ಕ ಹಾಕಲು ಹೋದ ಮನಸ್ಸು ಅರ್ಧಕ್ಕೇ ಹೆದರಿ ನಿಂತಿತು. ಐದು ದಿನದಿಂದ ಗಂಟಲಲ್ಲಿ ಕಟ್ಟಿಟ್ಟಿದ್ದ ಹೆಸರು ಕೊನೆಗೆ ತಾನಾಗಿಯೇ ಬಂತು. ಗುಂಡಿ ಒತ್ತಿ ಕರೆದಳು.

"ಉಮಾ..."

ಇಪ್ಪತ್ತು ಹೆಜ್ಜೆ ದೂರದಲ್ಲಿ ಅವಳದೇ ದನಿ ಉಮಾ ಎಂದಿತು. ಕುರಿಗಳ ನಡುವಿನಿಂದ. ಹಣಮವ್ವ ಓಡಿಹೋಗಿ ಟಗರಿನ ಕೊರಳಿನ ತುಪ್ಪಳ ಸರಿಸಿದಳು. ಗಂಟೆಯ ಪಕ್ಕದಲ್ಲಿ, ಉಮಾಶ್ರೀಯ ತಲೆಗೆ ಕಟ್ಟುವ ಕೆಂಪು ವಸ್ತ್ರದಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿದ ಡಬ್ಬಿ ಇತ್ತು. ಒಣಗಿಯೇ ಇತ್ತು. ನೀರು ತಾಗದಂತೆ ಎಷ್ಟು ಜೋಪಾನವಾಗಿ ಕಟ್ಟಿದ್ದಳೆಂದರೆ ಬಿಚ್ಚಲು ಹೋದ ಹಣಮವ್ವನ ಬೆರಳಿಗೆ ಗಂಟು ಸಡಿಲವಾಗಲೇ ಇಲ್ಲ.

ದುಂಡೇಶನ ಮುಖ ಕಣ್ಣ ಮುಂದೆ ಬಂತು. ಮದುವೆಯಾಗಿ ಆರು ತಿಂಗಳೂ ಆಗಿಲ್ಲ. ಔಷಧದ ಚೀಲ ಹೆಗಲಿಗೆ ಹಾಕಿಕೊಂಡು ನಾಳೆ ಬರುತ್ತಾನೆ, ಬಂದವನೇ ಸುತ್ತ ನೋಡುತ್ತಾನೆ. ಅವನಿಗೆ ಏನು ಹೇಳುವುದು? ಕೇಳಿಸಿರುತ್ತದೆ ಅಂದುಕೊಂಡಿದ್ದೆ ಅನ್ನುವುದೇ?

ಸುಮ್ಮನೆ ಒಬ್ಬಳೇ ಓಡಿಬಿಡಬೇಕು ಎನಿಸಿತು. ಹೋಗಿ ಕರೆತಂದುಬಿಟ್ಟರೆ ಬೆಳಗಿನ ಮಾತು ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ಹೆಜ್ಜೆ ಹೋದಳು ಕೂಡ. ಆಮೇಲೆ ನಿಂತಳು. ಒಬ್ಬಳೇ ಹೋಗಿ ಏನು ಮಾಡುವುದು, ಈಜು ಬರುವುದಿಲ್ಲ. ಎಲ್ಲರೂ ಬರಬೇಕಾದರೆ ಎಲ್ಲರಿಗೂ ಖರೆ ಹೇಳಬೇಕು. ನಾಚಿಕೆಯಿಂದ ಮೈಯೆಲ್ಲ ಸುಟ್ಟಂತಾಯಿತು, ಆದರೆ ಭಯ ನಾಚಿಕೆಗಿಂತ ದೊಡ್ಡದಾಗಿತ್ತು. ಗುಂಡಿ ಒತ್ತಿದಳು. ಅವಳ ದನಿ ಉಳಿದೆಲ್ಲ ಡಬ್ಬಿಯಲ್ಲಿ, ಟಗರಿನ ಕೊರಳಲ್ಲಿಯೂ, ಎಲ್ಲೋ ಬೈಕಿನ ಮೇಲಿದ್ದ ಮಾಸ್ತರನ ಕಿವಿಯಲ್ಲಿಯೂ ಬಿತ್ತು.

"ನಾ ಹಣಮವ್ವ. ಮುಂಜಾನಿ ಉಮಾಶ್ರೀದು ಓ ಅಂದದ್ದು ಆಕಿ ಅಲ್ಲ, ನಾ ಅಂದೆ. ಆಕಿ ಕೇಳ್ಯಾಳೋ ಇಲ್ಲೋ ನನಗ ಗೊತ್ತಿಲ್ಲ. ನಾ ಹೋಗಿ ಹೇಳಿಲ್ಲ. ಹಿಂಡು ಬಂದೈತಿ, ಆಕಿ ಬಂದಿಲ್ಲ."

ಕರೆವ್ವ ಆಡಿಕೊಳ್ಳುತ್ತಾಳೆಂದು ಹೆದರಿದ್ದಳಲ್ಲ, ಆ ಕರೆವ್ವನೇ ಮೊದಲು ಬಾಯಿ ಬಿಟ್ಟಳು. ಕುರಿಗಳನ್ನು ತಾನೊಬ್ಬಳೇ ನೋಡಿಕೊಳ್ಳುತ್ತೇನೆ, ಗಂಡಸರೆಲ್ಲ ಹೊರಡಿ ಎಂದಳು. ಅಮಸಿದ್ದಪ್ಪ ಹಟ್ಟಿಗೆ ಸುತ್ತಲೂ ಕಟ್ಟುವ ಬಲೆಗಳನ್ನು ಸಾಮಾನು ಹೇರಿದ ಕುದುರೆಯ ಮೇಲಿಂದ ಇಳಿಸಲು ಹೇಳಿದ. ನಾಲ್ಕು ಬಲೆ, ಒಂದೊಂದೂ ಹತ್ತು ಮಾರು. ಹೊತ್ತುಕೊಂಡು ಓಡಿದರು. ಹಣಮವ್ವ ಎಲ್ಲರಿಗಿಂತ ಮುಂದೆ ಓಡಿದಳು. ಐವತ್ತರ ಮಂಡಿಗಳು ಆ ಹೊತ್ತಿನಲ್ಲಿ ಏನೂ ತಕರಾರು ಮಾಡಲಿಲ್ಲ.

ಹಳ್ಳ ಇದ್ದ ಜಾಗದಲ್ಲಿ ಹಳ್ಳ ಇರಲಿಲ್ಲ. ಕೆಂಪು ನೀರು ಕಂಟಿಯ ಬುಡದ ತನಕ ಬಂದು ಸುಮ್ಮನೆ ಮಲಗಿತ್ತು. ಅದರ ಮೇಲೆ ಹುಲ್ಲುಕಡ್ಡಿ, ಕುರಿಹಿಕ್ಕೆ, ಇರುವೆಗಳು ಮುದ್ದೆಯಾಗಿ ತೇಲುತ್ತಿದ್ದವು. ಆಚೆ ದಿಬ್ಬದ ಹುಲ್ಲೆಲ್ಲ ಮುಳುಗಿ ಬೀರೇಶ್ವರನ ಕಟ್ಟೆಯಷ್ಟೇ ಕಾಣುತ್ತಿತ್ತು. ಕಟ್ಟೆಯ ಮೇಲೆ ಕರಿ ಕಂಬಳಿಯ ಗುಪ್ಪೆಯೊಂದಿತ್ತು. ಅದು ಅಲುಗಾಡುತ್ತಿರಲಿಲ್ಲ.

ಹಣಮವ್ವ ಕೂಗಿದಳು. ಡಬ್ಬಿಯಲ್ಲಿ ಅಲ್ಲ, ಹಳೆಯ ಕೂಗು, ಎರಡೂ ಅಂಗೈ ಬಾಯಿಗೆ ಹಿಡಿದು ಹೊಟ್ಟೆಯಿಂದ ಎಬ್ಬಿಸುವ ಕೂಗು. ಗಾಳಿ ಎದುರಿಗಿತ್ತು, ಕೂಗು ತಿರುಗಿ ಅವಳ ಮುಖಕ್ಕೇ ಬಡಿಯಿತು. ಮತ್ತೆ ಕೂಗಿದಳು. ಗುಪ್ಪೆ ಹಾಗೆಯೇ ಇತ್ತು. ಅಣ್ಣ ಕೂಗಿದ, ಗಿರಮಲ್ಲಪ್ಪ ಕೂಗಿದ. ಮೂವರೂ ಸೇರಿ ಕೂಗಿದರು. ಉತ್ತರ ಬರಲಿಲ್ಲ. ಹಣಮವ್ವನಿಗೆ ಬೆಳಗಿನ ಡಬ್ಬಿಯ ಖಾಲಿ ಗಾಳಿ ನೆನಪಾಯಿತು. ಆಗ ಆ ಮೌನವನ್ನು ತನ್ನ ಒಂದು ಓ ಹಾಕಿ ಮುಚ್ಚಿಬಿಟ್ಟಿದ್ದಳು. ಈಗ ಮುಚ್ಚಲು ಅವಳ ಹತ್ತಿರ ಏನೂ ಇರಲಿಲ್ಲ. ಓ ಅನ್ನಬೇಕಾದವಳು ಅವಳೇ ಅನ್ನಬೇಕು. ಅವಳು ಅನ್ನದಿದ್ದರೆ ಲೋಕದಲ್ಲಿ ಯಾರಂದರೂ ಉಪಯೋಗವಿಲ್ಲ. ಕೈಮುಗಿದು, ಬೀರಪ್ಪಾ, ಅವಳ ಬಾಯಿಂದ ಒಂದು ಓ ಅನ್ನಿಸು, ಇನ್ನೇನೂ ಬೇಡುವುದಿಲ್ಲ ಎಂದು ಕೆಸರಿನಲ್ಲಿ ಕೂತುಬಿಟ್ಟಳು.

ಕಂಬಳಿ ಸರಿಯಿತು. ಒಂದು ತಲೆ ಎದ್ದಿತು. ನೀರಿನ ಮೇಲಿಂದ ಸಣ್ಣಗೆ, ಆದರೆ ಸ್ಪಷ್ಟವಾಗಿ ಬಂತು.

"ಓ..."

ಬಲೆಗಳನ್ನು ತುದಿಗೆ ತುದಿ ಕಟ್ಟಿ, ಹಗ್ಗದ ಹಾಗೆ ಹುರಿಮಾಡಿ ಒಂದು ಜಾಲಿಯ ಬುಡಕ್ಕೆ ಬಿಗಿದರು. ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಗಿರಮಲ್ಲಪ್ಪ ಇಳಿದ. ಹಿನ್ನೀರಾದ್ದರಿಂದ ಸೆಳೆತವಿರಲಿಲ್ಲ, ಅದೊಂದೇ ಪುಣ್ಯ. ನಡುವಿನಲ್ಲಿ ಅವನ ತಲೆ ಒಮ್ಮೆ ಮುಳುಗಿದಾಗ ದಂಡೆಯಲ್ಲಿದ್ದವರು ಬಲೆಯನ್ನು ಬಿಗಿಹಿಡಿದರು. ಬೈಕನ್ನು ಕೆಸರಿನಲ್ಲಿ ಬಿಸಾಕಿ ಓಡಿಬಂದ ಪವಮಾನ ಬೂಟು ಕೂಡ ಬಿಚ್ಚದೆ ಎದೆಮಟ್ಟ ನೀರಿಗಿಳಿದು ಬಲೆ ಹಿಡಿದು ನಿಂತ. ಗಿರಮಲ್ಲಪ್ಪ ಕಟ್ಟೆ ಮುಟ್ಟಿದ. ಉಮಾಶ್ರೀ ತಲೆಯ ಮೇಲೆ ಕಂಬಳಿಯ ಗಂಟೊಂದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಲೆ ಹಿಡಿದು ಇಳಿದಳು. ಗದ್ದದ ತನಕ ನೀರು. ಒಂದು ಕಡೆ ಅವಳ ಕಾಲು ಜಾರಿತು, ಕಂಬಳಿಯ ಗಂಟಷ್ಟೇ ನೀರಿನ ಮೇಲಿತ್ತು. ಅಮಸಿದ್ದಪ್ಪನೂ ಹಣಮವ್ವನೂ ಅಂಗೈಯ ತೊಗಲು ಕಿತ್ತುಹೋಗುವಂತೆ ಬಲೆ ಎಳೆದರು. ತಲೆ ಮತ್ತೆ ಮೇಲೆ ಬಂತು.

ದಂಡೆಗೆ ಬಂದವಳನ್ನು ಹಣಮವ್ವ ಎರಡೂ ತೋಳಿನಲ್ಲಿ ಹಿಡಿದು ಮೇಲಕ್ಕೆ ಎಳೆದುಕೊಂಡಳು. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಬಡಿಯುತ್ತಿತ್ತು. ಕಂಬಳಿಯ ಗಂಟಿನೊಳಗೆ ಇನ್ನೂ ಹೊಕ್ಕುಳು ಒಣಗದ ಒಂದು ಮರಿ ಇತ್ತು, ಬದುಕಿತ್ತು. ಅದರ ತಾಯಿ ಈಯುವಾಗಲೇ ಕಟ್ಟೆಯ ಮೇಲೆ ಸತ್ತಿತ್ತು. ಹಣಮವ್ವ ತನ್ನ ಕಂಬಳಿ ಬಿಚ್ಚಿ ಸೊಸೆಗೆ ಹೊದಿಸಿದಳು. ಕೈಕಾಲು ತಿಕ್ಕಿದಳು. ಉಸಿರು ತಿರುಗಿದ ಮೇಲೆ ಹೊರಟ ಮೊದಲ ಮಾತು ಸಿಟ್ಟಿನದೇ. ಹೆದರಿಕೆ ಇಳಿಯುವಾಗ ಸಿಟ್ಟಿನ ದಾರಿ ಹಿಡಿದೇ ಇಳಿಯುತ್ತದೆ.

"ಮಾಸ್ತರ ಹೇಳಿದ್ದು ಕೇಳಲಿಲ್ಲೇನು ನಿನಗ? ಹಿಂಡು ಕಳಿಸಿ ನೀ ಯಾಕ ಕುಂತಿ ಅಲ್ಲೇ?"

ಉಮಾಶ್ರೀ ಅತ್ತೆಯ ಮುಖ ನೋಡಿದಳು. ಐದು ದಿನದ ಮೇಲೆ ಅತ್ತೆ ತನ್ನ ಜೊತೆ ಆಡಿದ ಮಾತು ಅದು.

"ಕೇಳಿತ್ರಿ ಅತ್ತಿ," ಎಂದಳು. "ಎಲ್ಲಾ ಕೇಳಿತು. ಕುರಿ ಈಯಾಕತ್ತಿತ್ತು, ನನ್ನ ಕೈ ಎಲ್ಲಾ ರಕ್ತ ಆಗಿತ್ತು. ಕೈ ಒರಸಿಕೊಂಡು ಬಟನ್ ಒತ್ತೂದ್ರೊಳಗ ನೀವು ನನ್ನ ಓ ಅಂದ್ರಿ. ಅತ್ತಿ ತಾವ ಬರ್ತಾರ, ಸಿಟ್ಟು ಇಳೀತು ಅಂತ ನನಗ ಭಾಳ ಛಲೋ ಅನಿಸ್ತು."

ಹಣಮವ್ವ ತಿಕ್ಕುತ್ತಿದ್ದ ಕೈ ನಿಲ್ಲಿಸಿದಳು.

"ನೀರು ಬಂತು. ಡಬ್ಬಿ ಹಾಳಾದೀತು ಅಂತ ಟಗರಿಗೆ ಕಟ್ಟಿ ಹಿಂಡು ಹೊಡದೆ. ನಾನೂ ಬಂದುಬಿಡಬೇಕಂತ ಹಳ್ಳದ ತನಕಾ ಬಂದಿದ್ದೆ ರೀ. ನಾ ಈ ಕಡಿ ಬಂದು ನೀವು ಆ ಕಡಿಯಿಂದ ನನ್ನ ಹುಡುಕ್ಕೊಂತ ದಿಬ್ಬಕ್ಕ ಹ್ವಾದ್ರ? ನಿಮಗ ಈಜು ಬರೂದಿಲ್ಲ. ಅದಕ್ಕ ತಿರುಗಿ ಹೋಗಿ ಕುಂತೆ."

ಯಾರೂ 'ಹಾಗಲ್ಲ ಮಗಳೇ, ಈಗ ಆ ಪದ್ಧತಿ ಇಲ್ಲ' ಎನ್ನಲಿಲ್ಲ. ಅಮಸಿದ್ದಪ್ಪ ಬಲೆ ಬಿಚ್ಚುವ ನೆಪದಲ್ಲಿ ಆ ಕಡೆ ತಿರುಗಿದ. ಪವಮಾನ ಜೇಬಿನಿಂದ ನೆನೆದ ಪುಸ್ತಕ ತೆಗೆದು, ಐದನೆಯ ಹೆಸರಿನ ಮುಂದೆ ತಾನು ಹಾಕಿದ ಗುರುತನ್ನು ನೋಡುತ್ತ ನಿಂತ. ಹಣಮವ್ವ ಸೊಸೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಹತ್ತು ಗಂಟೆಯಿಂದ ಈ ಹುಡುಗಿ ಕಟ್ಟೆಯ ಮೇಲೆ ಕೂತು ಅತ್ತೆ ಬರುವ ದಾರಿಯನ್ನು ನೋಡಿದ್ದಳು. ಆ ಹೊತ್ತಿಗೆಲ್ಲ ಅತ್ತೆ ಬೆನ್ನು ಹಾಕಿ ದಿನ್ನೆ ಹತ್ತುತ್ತಿದ್ದಳು.